ಹುಲ್ಲೆ ಎರಡು, ನೆಲೆ ಎರಡು

ಹುಲ್ಲೆ, ಎರಳೆ, ಚಿಗರಿ, ಜಿಂಕೆ ಎಂದು ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಆದರೂ ನಮ್ಮ ತುಮಕೂರು ಸೀಮೆಯ ಎರಡು ಬೇರೆ ಬೇರೆ ಪ್ರಾಣಿಗಳನ್ನು ನಾವು ‘ಜಿಂಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಒಂದು, ಮಧುಗಿರಿ ತಾಲ್ಲೂಕು ಮೈದನಹಳ್ಳಿಯ ಕೃಷ್ಣಮೃಗ. ಇನ್ನೊಂದು, ಶಿರಾ ತಾಲ್ಲೂಕು ಬುಕ್ಕಾಪಟ್ಟಣದ ಚಿಂಕಾರ.

ಕೃಷ್ಣಮೃಗಕ್ಕೂ ಸಾಹಿತ್ಯಕ್ಕೂ ಹಳೆಯ ನಂಟು. ಅದು ಸಹಜವಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುತ್ತದೆ. ಕಾಳಿದಾಸನ ದುಷ್ಯಂತ ರಂಗಕ್ಕೆ ಬರುವುದೇ ಅದನ್ನು ಬೆನ್ನಟ್ಟಿಕೊಂಡು. ಸಾಮಾನ್ಯವಾಗಿ ಗಂಡಿಗೆ ಮಾತ್ರ ತಿರುಚಿದ ನೀಳ ಕೊಂಬು; ಪ್ರಾಯ ಬಲಿತಂತೆ ಅದರ ಮೈ ಕಪ್ಪೇರುತ್ತದೆ. ಬಯಲಿನಲ್ಲಿ ಹಿಂಡುಗೂಡಿ ಬಾಳುವ ಈ ಪ್ರಾಣಿಗೆ ದೂರದ ನೋಟ ಮತ್ತು ಓಟಗಳೇ ರಕ್ಷೆ. ಚಿಂಕಾರಕ್ಕೆ ಇಂಥ ಕೀರ್ತಿಯಿಲ್ಲ. ತಿಳಿಗಂದು ಮೈ, ಗಂಡು ಹೆಣ್ಣು ಎರಡಕ್ಕೂ ಕೊಂಬು. ಒಂಟಿಯಾಗಿಯೋ ಎರಡು ಮೂರು ಕೂಡಿಯೋ ಕುರುಚಲು ಕಾಡಿನಲ್ಲಿ ಅಡಗಿರುತ್ತದೆ. ಎಲೆಯ ರಸ, ಇಬ್ಬನಿಗಳಿಂದಲೇ ಬಹುಕಾಲ ನೀರಡಿಕೆ ನೀಗಿಕೊಳ್ಳಬಲ್ಲದು.

ಕೀರ್ತಿಯ ಈ ಅಂತರ ರಕ್ಷಣೆಯ ಚರಿತ್ರೆಯಲ್ಲಿಯೂ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಎರಡೂ ಇವೆ. ಆದರೆ ಮೈದನಹಳ್ಳಿಯ 798 ಎಕರೆ ನೆಲ 2007ರಲ್ಲಿಯೇ ಕೃಷ್ಣಮೃಗದ ಸಂರಕ್ಷಣಾ ಮೀಸಲಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದುಹೋಗುವ ಜಯಮಂಗಲಿ ನದಿಯ ಹೆಸರನ್ನು ಅದಕ್ಕಿಟ್ಟರು. ಚಿಂಕಾರದ ಇರವನ್ನು ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳು ತೋರಿಸಿಕೊಟ್ಟ ಮೇಲೆ, 2019ರಲ್ಲಿ, ಬುಕ್ಕಾಪಟ್ಟಣದ ಸುಮಾರು 136 ಚದರ ಕಿಲೋಮೀಟರು ವನ್ಯಧಾಮವಾಯಿತು.

ಜಾಗತಿಕ ಪಟ್ಟಿಯಲ್ಲಿ ಎರಡನ್ನೂ ‘ಆತಂಕ ಕಡಿಮೆ’ ಎಂಬ ವರ್ಗದಲ್ಲಿ ಇರಿಸಿದ್ದಾರೆ. ಇದನ್ನು ಕೇಳಿ ನಾವು ನಿಶ್ಚಿಂತರಾಗುವಂತಿಲ್ಲ. ಇಡೀ ಕುಲವನ್ನು ಕುರಿತ ಮಾತು ಒಂದು ಊರಿನ ಬಯಲನ್ನು ಕಾಯಲಾರದು. ಮರವಿಲ್ಲದ ನೆಲವೆಲ್ಲ ವ್ಯರ್ಥವೆಂದು ಬಗೆದು ಹುಲ್ಲುಗಾವಲುಗಳಲ್ಲಿ ನೀಲಗಿರಿ ನೆಟ್ಟ ಕಾಲವೊಂದಿತ್ತು. ಮೈದನಹಳ್ಳಿಯಲ್ಲಿಯೂ ಆ ತೋಪುಗಳಿವೆ. 1974ರಲ್ಲಿ ಕೃಷ್ಣಮೃಗಕ್ಕೆಂದೇ ಘೋಷಿತವಾದ ರಾಣೆಬೆನ್ನೂರಿನ ಅಭಯಾರಣ್ಯದ ಬಹುಭಾಗವನ್ನೂ ನೀಲಗಿರಿ ಆವರಿಸಿತು. ಚಿಂಕಾರಕ್ಕೆ ಪೊದೆಯ ಮರೆ ಬೇಕು. ಕೃಷ್ಣಮೃಗಕ್ಕೆ ಮರೆಯೇ ಹಗೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೇಡಾದೀತು.

ಭಾಷೆಯನ್ನು ಕಲಿಸಿ ಬಾಳಿದ ನನಗೆ ಇದು ಮಾತಿನ ಪ್ರಶ್ನೆಯಾಗಿಯೂ ತೋರುತ್ತದೆ. ಪಾವಗಡದವರೆಗೆ ಹಬ್ಬಿದ ಈ ಒಣಸೀಮೆಯಲ್ಲಿ ಸಾಗುವಳಿಗೆ ಒದಗದ ನೆಲವನ್ನು ಕಂದಾಯದ ಲೆಕ್ಕ ‘ಖರಾಬು’ ಎನ್ನುತ್ತದೆ. ಹಳೆಯ ಮೈಸೂರಿನವರು ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುನೆಲವನ್ನು ‘ಕಾವಲು’ ಎಂದು ಕರೆದರು. ಖರಾಬೆಂದರೆ ಕೆಟ್ಟ ನೆಲ. ಕಾವಲೆಂದರೆ ಕಾಯಬೇಕಾದ ನೆಲ. ಹುಲ್ಲೆಗಳು ಉಳಿಯುವುದೂ ಅಳಿಯುವುದೂ ಈ ಎರಡು ಮಾತುಗಳಲ್ಲಿ ನಾವು ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದನ್ನು ಅವಲಂಬಿಸಿದೆ.