ಹಳದಿ ಫಲಕದ ಕಾಲುದಾರಿಗಳು

ಭಾನುವಾರ ಬೆಳಿಗ್ಗೆ ಸಿಂಹಗಡ ಹತ್ತುವ ನಮ್ಮ ಪುಣೆಯ ಬಳಗಕ್ಕೆ ಒಂದು ಅನುಭವ ಚೆನ್ನಾಗಿ ಪರಿಚಿತ. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ, ಮಜ್ಜಿಗೆ ಮಾರುವ ಅಜ್ಜಿಯನ್ನು 'ಇನ್ನೆಷ್ಟು ದೂರ?' ಎಂದು ಕೇಳಿದರೆ 'ಜವಳಚ್ ಆಹೆ' ಎಂಬ ಉತ್ತರ ಬರುತ್ತದೆ. ಆ 'ಹತ್ತಿರ' ಮುಗಿಯಲು ಮತ್ತೆ ಮುಕ್ಕಾಲು ಗಂಟೆ ಬೇಕು.

ಸ್ವಿಟ್ಜರ್ಲೆಂಡಿನಲ್ಲಿ ಈ ಅಜ್ಜಿಯ ಕೆಲಸವನ್ನು ಹಳದಿ ಬಣ್ಣದ ಫಲಕಗಳು ಮಾಡುತ್ತವೆ. ಅವುಗಳ ಮೇಲೆ ಬರೆದಿರುವುದು ಕಿಲೋಮೀಟರು ಅಲ್ಲ, ಗಂಟೆ ಮತ್ತು ನಿಮಿಷ. ಸಮತಟ್ಟು ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ನಡಿಗೆಯೆಂದು ಹಿಡಿದು, ಏರಿಳಿತಕ್ಕೆ ತಕ್ಕಂತೆ ತಿದ್ದಿ ಕಟ್ಟಿದ ಲೆಕ್ಕ ಅದು. ವಿಶ್ರಾಂತಿಗೆಂದು ಒಂದು ನಿಮಿಷವನ್ನೂ ಅದರಲ್ಲಿ ಸೇರಿಸಿಲ್ಲ. ಚಹಾಕ್ಕೆ ಕುಳಿತರೆ ಅದು ನಮ್ಮ ಖಾತೆಗೆ! ನಮ್ಮ ಒಂದು ಜಿಲ್ಲೆಯ ಜನಸಂಖ್ಯೆಗೂ ಸಾಟಿಯಾಗುವಂಥ ಆ ಚಿಕ್ಕ ದೇಶದಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 65,000 ಕಿಲೋಮೀಟರು. ಈ ದಾರಿಗಳನ್ನು ಮಾಡಿದವರು ಯಾರು, ಉಳಿಸಿದವರು ಯಾರು ಎಂಬುದನ್ನು ಒಂದೇ ಹಳ್ಳಿಯ ಸುತ್ತ ನಿಂತು ನೋಡೋಣ.

ಆ ಹಳ್ಳಿಯ ಹೆಸರು ವೈಸ್‌ಬಾಡ್. ದೇಶದ ಈಶಾನ್ಯ ಮೂಲೆಯಲ್ಲಿ, ಆಲ್ಪ್ಸ್ ಪರ್ವತಗಳ ಸೆರಗಿನ ಆಪೆನ್‌ಸೆಲ್ ಸೀಮೆಯಲ್ಲಿದೆ. ಮೂರು ಹಳ್ಳಗಳು ಕೂಡಿ ಸಿಟರ್ ನದಿಯಾಗುವುದು ಇಲ್ಲಿಯೇ. ಅದರ ಬೆನ್ನಿಗೆ ಆಲ್ಪ್‌ಸ್ಟೈನ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲು. ಅದರ ನೆತ್ತಿ 2,502 ಮೀಟರ್ ಎತ್ತರದ ಸ್ಯಾಂಟಿಸ್ ಶಿಖರ.

ಇಲ್ಲಿನ ದಾರಿಗಳನ್ನು ಮೊದಲು ತುಳಿದದ್ದು ದನಕರುಗಳು. ಬೇಸಿಗೆ ಬಂತೆಂದರೆ ಹಿಂಡುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವುದು, ಶರತ್ಕಾಲದಲ್ಲಿ ಇಳಿಸಿಕೊಂಡು ಬರುವುದು. ಮೆರವಣಿಗೆಯಲ್ಲಿ ಮುಂದೆ ಬಿಳಿಯ ಆಡುಗಳು, ಅವುಗಳನ್ನು ನಡೆಸುವ ಮಕ್ಕಳು; ಹಿಂದೆ ದೊಡ್ಡ ಗಂಟೆ ಕಟ್ಟಿದ ಹಸುಗಳು, ಹಳದಿ ಚರ್ಮದ ಇಜಾರ ತೊಟ್ಟ ಗೋಪಾಲಕ. ಈ ಕ್ರಮ ಇಂದಿಗೂ ತಪ್ಪಿಲ್ಲ.

ಹದಿನೆಂಟನೆಯ ಶತಮಾನದ ನಡುವೆ ಇನ್ನೊಂದು ಬಗೆಯ ಸಂಚಾರ ಶುರುವಾಯಿತು. ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರು ಎದೆಯ ಬೇನೆಗೆ ಔಷಧವೆಂದು ಹೆಸರಾಗಿ, ಸಮೀಪದ ಗಾಯಿಸ್ ಊರಿಗೆ 1749ರಿಂದ ರೋಗಿಗಳು ಬರತೊಡಗಿದರು. ಮುಂದೆ ವೈಸ್‌ಬಾಡಿಗೂ ಆ ಭಾಗ್ಯ ಬಂತು. ಮೇಲಿನ ಗೋಮಾಳದಲ್ಲಿ ಆಡಿನ ಹಾಲಿನಿಂದ ಇಳಿಸಿದ ಆ ನೀರು ಬಿಸಿ ಆರುವ ಮೊದಲು ರೋಗಿಯ ಲೋಟ ಸೇರಬೇಕು. ಆದ್ದರಿಂದ ಹೊರೆಯಾಳುಗಳು ನಸುಕಿನಲ್ಲೇ ಬೆನ್ನಿಗೆ ಪಾತ್ರೆ ಕಟ್ಟಿಕೊಂಡು ಇಳಿದು ಬರುತ್ತಿದ್ದರು. ರೋಗ ಎಷ್ಟು ವಾಸಿಯಾಯಿತೋ, ದಾರಿಗಳಂತೂ ಗಟ್ಟಿಯಾದವು.

ಎಬೆನಾಲ್ಪ್ ಎಂಬ ಬೆಟ್ಟದ ಕಡಿದಾದ ಮೈಯಲ್ಲಿ ವಿಲ್ಡ್‌ಕಿರ್ಖ್‌ಲಿ ಎಂಬ ಗುಹೆಗಳಿವೆ. ಹೆಸರಿನ ಅರ್ಥ 'ಕಾಡಿನ ಪುಟ್ಟ ಗುಡಿ'. 1658ರಲ್ಲಿ ಆಪೆನ್‌ಸೆಲ್ಲಿನ ಪಾದ್ರಿ ಪೌಲುಸ್ ಉಲ್ಮನ್ ಇಲ್ಲಿ ನೆಲೆಸಿದ. ಅವನ ನಂತರ ಸುಮಾರು ಎರಡು ಶತಮಾನ ಒಬ್ಬರಾದ ಮೇಲೊಬ್ಬರು ಸನ್ಯಾಸಿಗಳು ಇಲ್ಲಿ ಬಾಳಿದರು. ಕೊನೆಯವನು 1853ರಲ್ಲಿ ಬಂಡೆಯಿಂದ ಬಿದ್ದು ತೀರಿಕೊಂಡ. ಈ ಗುಹೆಯ ನಿಜವಾದ ವಯಸ್ಸು ಬೆಳಕಿಗೆ ಬಂದದ್ದು 1904ರಿಂದ 1908ರವರೆಗೆ. ಸೇಂಟ್ ಗ್ಯಾಲನ್ ವಸ್ತುಸಂಗ್ರಹಾಲಯದ ಎಮಿಲ್ ಬೇಖ್ಲರ್ ನೆಲ ಅಗೆಸಿದಾಗ ಗುಹಾಕರಡಿಗಳ ರಾಶಿ ರಾಶಿ ಮೂಳೆಗಳೂ, ಅವುಗಳೊಡನೆ ನಿಯಾಂಡರ್ತಾಲ್ ಮಾನವರ ಕಲ್ಲಿನ ಆಯುಧಗಳೂ ಸಿಕ್ಕವು. ಅಷ್ಟು ಹಿಂದೆ ಅಷ್ಟು ಎತ್ತರಕ್ಕೆ ಮನುಷ್ಯ ಹತ್ತಿದ್ದನೆಂದು ಆಗ ಪಂಡಿತರು ಎಣಿಸಿರಲಿಲ್ಲ. ಬೇಖ್ಲರ್ ಮುಂದೆ ಬೇರೊಂದು ಗುಹೆಯನ್ನೂ ಅಗೆದು, ಆ ಜನ ಕರಡಿಯನ್ನೇ ಪೂಜಿಸುತ್ತಿದ್ದರೆಂಬ ವಾದ ಹೂಡಿದ. ಅದನ್ನು ಇಂದು ವಿದ್ವಾಂಸರು ಒಪ್ಪುವುದಿಲ್ಲ. ಸಿಕ್ಕ ವಸ್ತು ದೊಡ್ಡದಾದಾಗ ಊಹೆಯೂ ದೊಡ್ಡದಾಗುವುದು ಸಹಜವೇ.

ಇನ್ನು ಶಿಖರದ ಕಥೆ. ಹವಾಮಾನ ಇಲಾಖೆಯ 'ಸಿಮ್ಲಾ ಆಫೀಸ'ನ್ನು ದಿನವೂ ದಾಟಿ ಹೋಗುವ ಪುಣೆಯ ಓದುಗರಿಗೆ ಇದು ವಿಶೇಷವಾಗಿ ರುಚಿಸೀತು. 1882ರಲ್ಲಿ ಸ್ಯಾಂಟಿಸ್ ಮೇಲೆ ಹವಾಮಾನ ವೀಕ್ಷಣೆ ಆರಂಭವಾಯಿತು. 1887ರಲ್ಲಿ ಅದಕ್ಕೆ ಸ್ವಂತ ಕಟ್ಟಡವೂ ಆಯಿತು. ವೀಕ್ಷಕ ಚಳಿಗಾಲವಿಡೀ ಅಲ್ಲಿಯೇ ಇದ್ದು ಉಷ್ಣಮಾನ, ಗಾಳಿ, ಒತ್ತಡಗಳ ಅಂಕಿಗಳನ್ನು ತಂತಿಯ ಮೂಲಕ ಕೆಳಗೆ ಕಳಿಸಬೇಕು. ಅವನಿಗೆ ಬೇಕಾದ ರೊಟ್ಟಿ, ಸೌದೆ, ಕಾಗದ ಎಲ್ಲವೂ ಹೊರೆಯಾಳುಗಳ ಬೆನ್ನ ಮೇಲೆ, ಹಿಮದಲ್ಲಿ ಹೂತ ಇದೇ ದಾರಿಗಳಲ್ಲಿ ಮೇಲೇರಬೇಕು.

1919ರಿಂದ ಆ ಹುದ್ದೆಯಲ್ಲಿದ್ದವನು ಹೈನ್ರಿಖ್ ಹಾಸ್. ಜೊತೆಗೆ ಹೆಂಡತಿ ಮರಿಯಾ ಮಗ್ದಲೇನಾ. ಇಬ್ಬರು ಹೆಣ್ಣುಮಕ್ಕಳು ಕೆಳಗೆ ಆಪೆನ್‌ಸೆಲ್ಲಿನಲ್ಲಿದ್ದರು. 1922ರ ಫೆಬ್ರವರಿ 21ರ ನಂತರ ಮೇಲಿನಿಂದ ವರದಿ ಬರುವುದು ನಿಂತಿತು. ತಂತಿ ಕಡಿದಿರಬೇಕೆಂದು ಕೆಳಗಿನವರು ಭಾವಿಸಿರಬಹುದು. ನಾಲ್ಕು ದಿನಗಳ ಮೇಲೆ ಹೊರೆಯಾಳುಗಳು ಶಿಖರ ತಲುಪಿದಾಗ ಕಂಡದ್ದು ಗಂಡ ಹೆಂಡತಿಯರ ಶವಗಳನ್ನು. ಇಬ್ಬರಿಗೂ ಗುಂಡೇಟು. ಕೆಲವು ದಿನ ಮೊದಲು ಕ್ರೊಯಿಟ್ಸ್‌ಪಾಯಿಂಟ್ನರ್ ಎಂಬ ಚಮ್ಮಾರ ಹಿಮದಲ್ಲಿ ಮೇಲೇರಿ ಬಂದು ಅವರಲ್ಲಿ ತಂಗಿದ್ದ. ಅವನೂ ಹಿಂದೆ ಅದೇ ಹುದ್ದೆಗೆ ಅರ್ಜಿ ಹಾಕಿದ್ದವನು. ಮಾರ್ಚ್ ತಿಂಗಳಲ್ಲಿ ಅವನ ದೇಹ ಶ್ವೇಗಾಲ್ಪಿನ ಗುಡಿಸಲೊಂದರಲ್ಲಿ ನೇಣಿನಲ್ಲಿ ಸಿಕ್ಕಿತು. ವಿಚಾರಣೆಯೇ ನಡೆಯದ ಕಾರಣ ಕೊಲೆಯ ಉದ್ದೇಶ ಸಾಬೀತಾಗಲಿಲ್ಲ.

ಅರ್ಜಿ ಹಾಕಿ, ತಿರಸ್ಕೃತರಾಗಿ, ಮತ್ತೆ ಅರ್ಜಿ ಬರೆದ ಸರ್ಕಾರಿ ನೌಕರರು ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟಿಲ್ಲ! ಆದರೂ ಈ ವೃತ್ತಾಂತ ಓದುವಾಗ ನಮಗೆ ಕಾಡುವುದು ಆ ಮಕ್ಕಳ ನೆನಪು. ದಿನವೂ ಇಡೀ ದೇಶಕ್ಕೆ ಅಪ್ಪ ಕಳಿಸುತ್ತಿದ್ದ ಅಂಕಿಗಳು ಒಂದು ದಿನ ಬರಲಿಲ್ಲ. ಅವರಿಗೆ ತಿಳಿದದ್ದು ಅಷ್ಟೇ.

ಶಿಖರದವರೆಗೆ ರೈಲು ಒಯ್ಯಬೇಕೆಂಬ ಯೋಜನೆಯೂ ಇತ್ತು. 1912ರಲ್ಲಿ ಆಪೆನ್‌ಸೆಲ್ಲಿನಿಂದ ವೈಸ್‌ಬಾಡ್ ಮಾರ್ಗವಾಗಿ ವಾಸರಾವೆನ್‌ವರೆಗೆ ಹಳಿ ಬಂತು. ಮುಂದಿನ ಹಲ್ಲುಹಳಿಯನ್ನು ಹಾಕಲೇ ಇಲ್ಲ. 1935ರಲ್ಲಿ ಶ್ವೇಗಾಲ್ಪ್ ಕಡೆಯಿಂದ ತಂತಿತೊಟ್ಟಿಲು ಶಿಖರ ಮುಟ್ಟಿತು. 1955ರಲ್ಲಿ ಎಬೆನಾಲ್ಪಿಗೂ ಒಂದಾಯಿತು. ವಾಸರಾವೆನ್‌ನಿಂದ ಶಿಖರಕ್ಕೆ ಮಾತ್ರ ಇಂದಿಗೂ ಕಾಲೇ ಗತಿ.

ಅಷ್ಟರಲ್ಲಿ ಬಯಲಿನಲ್ಲಿ ಮೋಟಾರು ಕಾಲಿಟ್ಟಿತ್ತು. ಮೈಲೆನ್ ಊರಿನ ಶಾಲಾಮಾಸ್ತರ ಯೋಹಾನ್ ಯಾಕೋಬ್ ಎಸ್ ಮಕ್ಕಳೊಡನೆ ಕ್ಲೌಸೆನ್ ಕಣಿವೆಯ ರಸ್ತೆಯಲ್ಲಿ ನಡೆಯುವಾಗ ಕಾರುಗಳ ಧೂಳು ಕುಡಿದು, ಹಾರನ್ನಿಗೆ ಹೆದರಿ ಚರಂಡಿಯಂಚಿಗೆ ಸರಿಯಬೇಕಾಯಿತಂತೆ. ಮಾಸ್ತರು ಸುಮ್ಮನೆ ಗೊಣಗಲಿಲ್ಲ. 1933ರಲ್ಲಿ ಜೂರಿಕ್ ಸೀಮೆಗೊಂದು, 1934ರಲ್ಲಿ ಇಡೀ ದೇಶಕ್ಕೊಂದು ಕಾಲುದಾರಿ ಸಂಘ ಕಟ್ಟಿಸಿದರು. ಎಲ್ಲೆಡೆ ಒಂದೇ ಮಾದರಿಯ ಹಳದಿ ಫಲಕ ಎಂಬ ನಿಯಮ ಬಂತು. ಮಹಾಯುದ್ಧದಲ್ಲಿ ಶತ್ರುವಿಗೆ ದಾರಿ ತೋರಿಸಬಾರದೆಂದು ಸೇನೆ ಆ ಫಲಕಗಳನ್ನೆಲ್ಲ ಕೀಳಿಸಿತು. ಯುದ್ಧ ಮುಗಿದ ಮೇಲೆ ಮತ್ತೆ ನೆಟ್ಟರು.

ಆದರೆ ಡಾಂಬರು ಫಲಕಕ್ಕೆ ಅಂಜುವುದಿಲ್ಲ. ಹಳೆಯ ದಾರಿಗಳು ಒಂದೊಂದಾಗಿ ರಸ್ತೆಗಳಾಗತೊಡಗಿದಾಗ ವಿಷಯ ಜನರ ಮತಕ್ಕೆ ಹೋಯಿತು. 1979ರ ಫೆಬ್ರವರಿ 18ರಂದು ಮತ ಹಾಕಿದವರಲ್ಲಿ ಶೇಕಡಾ 77.6 ಮಂದಿ ಒಪ್ಪಿ, ಕಾಲುದಾರಿಗಳು ದೇಶದ ಸಂವಿಧಾನದಲ್ಲೇ ಸ್ಥಾನ ಪಡೆದವು. 1987ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಗುರುತಿಸಿದ ದಾರಿಯೊಂದನ್ನು ರಸ್ತೆಯೋ ಕಟ್ಟಡವೋ ನುಂಗಿದರೆ ಅದಕ್ಕೆ ಬದಲಿ ದಾರಿ ಒದಗಿಸಬೇಕು.

ಈಚೆಗೆ ಎದುರಾಗಿರುವ ತೊಂದರೆ ತದ್ವಿರುದ್ಧದ್ದು. ವಿಲ್ಡ್‌ಕಿರ್ಖ್‌ಲಿಯ ಪಕ್ಕದಲ್ಲಿ, ಬಂಡೆಯನ್ನೇ ಹಿಂಗೋಡೆ ಮಾಡಿಕೊಂಡ ಏಷರ್ ಎಂಬ ಹಳೆಯ ಛತ್ರವಿದೆ. 2015ರಲ್ಲಿ ಅದರ ಚಿತ್ರ ಅಮೆರಿಕದ ಒಂದು ಪ್ರವಾಸಿ ಗ್ರಂಥದ ಮುಖಪುಟಕ್ಕೆ ಬಂದದ್ದೇ ತಡ, ಜಗತ್ತೆಲ್ಲ ಅಲ್ಲಿಗೆ ಹರಿಯಿತು. ಇಕ್ಕಟ್ಟಿನ ಆ ಜಾಗದಲ್ಲಿ ಅಷ್ಟು ಜನರನ್ನು ಸುಧಾರಿಸಲಾಗದೆ, ಛತ್ರ ನಡೆಸುತ್ತಿದ್ದ ದಂಪತಿಗಳು 2018ರಲ್ಲಿ ಬಿಟ್ಟುಕೊಟ್ಟರು. ಬೇರೆಯವರು ಬಂದು ಬಾಗಿಲು ತೆರೆದಿದ್ದಾರೆ. ವಾಸರಾವೆನ್‌ನಿಂದ ಸರೋವರದ ದಂಡೆ ಹಿಡಿದು, ಮೆಗ್ಲಿಸಾಲ್ಪ್ ದಾಟಿ ಹಾಸ್ ದಂಪತಿಗಳಿದ್ದ ಶಿಖರಕ್ಕೆ ಸುಮಾರು ಐದು ಗಂಟೆಯ ಹಾದಿ, ಕುಳಿತದ್ದನ್ನು ಬಿಟ್ಟು.