ಪಾಲು ಕೊಟ್ಟ ಫಿಕ್ಹ್, ಪಟ್ಟಿ ಮಾಡಿದ ಕಾನೂನು

ಹೊಸಕೆರೆಹಳ್ಳಿಯ ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟಿ ಕೈಚಾಚುವವರನ್ನು ಕಂಡರೆ ನಾವು ಮುಖ ತಿರುಗಿಸುತ್ತೇವೆ. ಅವರಲ್ಲಿ ನಮ್ಮದೇ ಮನೆಗಳಿಂದ ಹೊರಬಿದ್ದವರೂ ಇದ್ದಾರೆ. ಹೆಣ್ಣು-ಗಂಡೆಂಬ ಎರಡರಲ್ಲಿ ನಿಲ್ಲದವರ ಮಾತು ಬಂದಾಗ, ಇದೆಲ್ಲ ಈಚಿನ ಕಾಲದ ಹಾವಳಿ ಎನ್ನುವುದು ನಮಗೆ ರೂಢಿ. ಆದರೆ ನಮ್ಮ ಫಿಕ್ಹ್ ಗ್ರಂಥಗಳನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ.

ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಆಮಿರ್ ಬಿನ್ ಝರಿಬ್ ಎಂಬ ಪ್ರಸಿದ್ಧ ನ್ಯಾಯಗಾರನಿದ್ದ. ಎರಡೂ ಲಿಂಗಗಳ ಚಿಹ್ನೆಯಿರುವ ವ್ಯಕ್ತಿಯ ವಾರಸು ವ್ಯಾಜ್ಯ ಅವನ ಮುಂದೆ ಬಂತು. ರಾತ್ರಿಯೆಲ್ಲ ನಿದ್ದೆಗೆಟ್ಟರೂ ದಾರಿ ತೋಚಲಿಲ್ಲ. ಕುರಿ ಕಾಯುವ ದಾಸಿ ಸುಖೈಲಾ ಹೇಳಿದಳು: ಮೂತ್ರ ಬರುವ ದಾರಿ ನೋಡಿ ತೀರ್ಮಾನಿಸಿ. ಇಬ್ನ್ ಹಿಶಾಮರ ಸೀರತ್‌ನಲ್ಲಿರುವ ಪ್ರಸಂಗವಿದು. ಹ. ಅಲೀ(ರ)ರಿಂದಲೂ ಇದೇ ತೀರ್ಪು ವರದಿಯಾಗಿದೆ. ಹೀಗೂ ಬಗೆಹರಿಯದವರನ್ನು ಫುಕಹಾಗಳು 'ಖುನ್ಸಾ ಮುಶ್ಕಿಲ್' ಎಂದು ಕರೆದರು. ಜಮಾಅತ್ ನಮಾಝಿನಲ್ಲಿ ಪುರುಷರ ಹಿಂದೆ, ಸ್ತ್ರೀಯರ ಮುಂದೆ ಅವರಿಗೆ ಸಾಲು ಎಂದು ಹನಫೀ ಗ್ರಂಥಗಳು ಹೇಳಿದವು. ವಾರಸಿನಲ್ಲಿ ಶಾಫಿಈಗಳು ಖಚಿತವಾಗಿ ಸಲ್ಲುವಷ್ಟನ್ನು ಕೊಟ್ಟು, ಉಳಿದದ್ದನ್ನು ವಿಷಯ ಸ್ಪಷ್ಟವಾಗುವವರೆಗೆ ಕಾಯ್ದಿಡಲು ಹೇಳಿದರು. ಎಷ್ಟು ಪಾಲು ಎಂಬುದರಲ್ಲಿ ಭಿನ್ನಾಭಿಪ್ರಾಯವಿತ್ತು; ಪಾಲೇ ಇಲ್ಲ ಎಂದವರಿಲ್ಲ.

ಇದು ದೇಹದ ವಿಷಯವಾಯಿತು. ನಡೆ-ನುಡಿಯಲ್ಲಿ ಹೆಣ್ಣನ್ನು ಹೋಲುವ ಗಂಡಸರನ್ನು ಹದೀಸ್‌ಗಳು 'ಮುಖನ್ನಸ್' ಎನ್ನುತ್ತವೆ. ಇಂದು ಲಿಂಗತ್ವ ಅಲ್ಪಸಂಖ್ಯಾತರು ಎಂದು ನಾವು ಒಟ್ಟಾಗಿ ಹೇಳುವವರಲ್ಲಿ ಈ ಎರಡು ಬಗೆಯವರೂ ಇದ್ದಾರೆ. ದೇಹ ಒಂದಾಗಿದ್ದು ತನ್ನ ಬಗೆಗಿನ ಅರಿವು ಇನ್ನೊಂದಾಗಿರುವವರೂ ಇದ್ದಾರೆ. ಕೃತಕವಾಗಿ ಅನುಕರಿಸುವವನು ಆಕ್ಷೇಪಾರ್ಹ, ಹುಟ್ಟಿನಿಂದಲೇ ಹಾಗಿರುವವನ ಮೇಲೆ ದೋಷವೂ ಇಲ್ಲ, ಪಾಪವೂ ಇಲ್ಲ ಎಂದು 13ನೇ ಶತಮಾನದ ಇಮಾಮ್ ನವವೀ ವಿಂಗಡಿಸಿದ್ದಾರೆ. ಅಬೂ ದಾವೂದ್‌ ಸಂಗ್ರಹದ ಒಂದು ವರದಿಯಲ್ಲಿ, ಕೈಕಾಲಿಗೆ ಮೆಹಂದಿ ಹಚ್ಚಿದ ಒಬ್ಬನನ್ನು ಪ್ರವಾದಿ(ಸ)ರು ಮದೀನಾದಿಂದ ನಖೀಅ್ ಎಂಬಲ್ಲಿಗೆ ಕಳುಹಿಸಿದರು. ಕೊಂದುಬಿಡೋಣವೇ ಎಂದು ಜೊತೆಯವರು ಕೇಳಿದಾಗ, ನಮಾಝ್ ಮಾಡುವವರನ್ನು ಕೊಲ್ಲುವುದು ತಮಗೆ ನಿಷಿದ್ಧ ಎಂದರು. ದೇಹದಲ್ಲಿ ಗೊಂದಲವಿಲ್ಲದವರು ಶಸ್ತ್ರಚಿಕಿತ್ಸೆಯಿಂದ ಲಿಂಗ ಬದಲಿಸುವುದನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ, ನಿಜ. ಆದರೆ ಆ ಅಭಿಪ್ರಾಯದಿಂದ ಯಾರನ್ನೂ ಮನೆಯಿಂದ ಅಟ್ಟುವ ಅನುಮತಿ ಹುಟ್ಟುವುದಿಲ್ಲ.

ಅಟ್ಟುವ ಕಾನೂನು ಬಂದದ್ದು ಬೇರೆ ಕಡೆಯಿಂದ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಹಿಜ್ರಾಗಳ ಹೆಸರು, ವಾಸಸ್ಥಳಗಳನ್ನು ರಿಜಿಸ್ಟರ್‌ನಲ್ಲಿ ಬರೆಸಿತು. ಅದರಲ್ಲಿ ಹೆಸರಿದ್ದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿದರೆ ವಾರಂಟ್ ಇಲ್ಲದೆ ಬಂಧನ, 2 ವರ್ಷದವರೆಗೆ ಜೈಲು. ಅವರು ದಾನ ಕೊಡುವಂತಿಲ್ಲ, ವಸಿಯ್ಯತ್ ಬರೆಯುವಂತಿಲ್ಲ, ದತ್ತು ಪಡೆಯುವಂತಿಲ್ಲ. ಫಿಕ್ಹ್ ಪಾಲು ಲೆಕ್ಕ ಹಾಕುತ್ತ ಕೂತಿದ್ದವರ ಕೈಯಿಂದ ಈ ಕಾಯ್ದೆ ಸ್ವಂತ ಆಸ್ತಿಯ ಮೇಲಿನ ಹಿಡಿತವನ್ನೂ ಕಿತ್ತುಕೊಂಡಿತು.

ಬ್ರಿಟಿಷರನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ. ನಿಜಾಮರ ಸರಕಾರ 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಇದೇ ಅಚ್ಚಿನ ಕಾಯ್ದೆ ತಂದಿತು. ಕಲಬುರಗಿ, ಬೀದರ್, ರಾಯಚೂರು ಆಗ ಆ ಸಂಸ್ಥಾನದಲ್ಲೇ ಇದ್ದವು. ತೆಲಂಗಾಣದಲ್ಲಿ ಉಳಿದಿದ್ದ ಈ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ ರದ್ದುಪಡಿಸಿದ್ದು 2023ರಲ್ಲಿ!

ನಮ್ಮ ರಾಜ್ಯವೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಹಳೆಯ ರಿಜಿಸ್ಟರನ್ನೇ ಮತ್ತೆ ತೆರೆಯಿತು. ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಯೊಂದು ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಅವರನ್ನು ಹೆಸರಿಸಿದ ಪದ ಕಲಂನಿಂದ ಹೊರಬಿತ್ತು. ಅಷ್ಟರಲ್ಲಿ, 2014ರ ಏಪ್ರಿಲ್ 15ರಂದು, ಸುಪ್ರೀಂ ಕೋರ್ಟ್ ಅವರಿಗೆ ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತ್ತು. 2021ರಲ್ಲಿ ಕರ್ನಾಟಕವು ಸರಕಾರಿ ನೌಕರಿಯಲ್ಲಿ ಅವರಿಗೆ ಶೇ. 1 ಮೀಸಲು ಕೊಟ್ಟಿತು.

ನೌಕರಿ ಸರಕಾರದ್ದು. ವಾರಸು ಮಾತ್ರ 1937ರ ಶರೀಅತ್ ಕಾಯ್ದೆಯಂತೆ ನಮ್ಮ ಕೈಯಲ್ಲೇ ಇದೆ. ತಂದೆ ತೀರಿಕೊಂಡ ಮೇಲೆ ವಂಶವೃಕ್ಷಕ್ಕೆಂದು ನಾಡಕಚೇರಿಗೆ ಅರ್ಜಿ ಹೋಗುತ್ತದೆ. ಮನೆಬಿಟ್ಟು ಹೋದ ಆ ಒಂದು ಮಗುವಿನ ಹೆಸರನ್ನು ಅದರಲ್ಲಿ ಬಿಡುವವರು ಪೊಲೀಸರಲ್ಲ, ಅಣ್ಣತಮ್ಮಂದಿರು. ಮೊಹಲ್ಲಾದ ಹಿರಿಯರು ಸಾಕ್ಷಿ ಸಹಿ ಹಾಕುತ್ತಾರೆ.