ಲೆಕ್ಕಕ್ಕೆ ಸಿಗದ ನಾಸಿಕ್ ಕನ್ನಡಿಗರು

ಸ್ವಾತಂತ್ರ್ಯಕ್ಕೆ ಮುಂಚೆ ನಾಸಿಕ್‌ನಲ್ಲಿ ಕನ್ನಡಿಗರು ಎಷ್ಟಿದ್ದರು? ಅಲ್ಲಿಂದ ಪತ್ರ ಬರೆದವರೊಬ್ಬರ ಪ್ರಶ್ನೆ ಇದು. 1941ರ ಮಟ್ಟಿಗೆ ಪಟ್ಟಿಯ ಅಂಕಣ ಖಾಲಿ.

ಆ ವರ್ಷ ಜನಗಣತಿಯವರು ಮಾತೃಭಾಷೆ ಕೇಳಿದ್ದರು, ಚೀಟಿಯಲ್ಲಿ ಬರೆದುಕೊಂಡೂ ಇದ್ದರು. ಆದರೆ ಮಹಾಯುದ್ಧದ ಕಾಲ, ಖರ್ಚಿಗೆ ಕತ್ತರಿ. ನಾಸಿಕ್ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಭಾಷಾವಾರು ಎಣಿಕೆಯನ್ನೇ ಕೈಬಿಟ್ಟರು. ಪಕ್ಕದ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅವರು ಎಣಿಸಿದರು: ಸಂಸ್ಥಾನದಲ್ಲಿ ಕನ್ನಡಿಗರು 17 ಲಕ್ಷಕ್ಕೂ ಹೆಚ್ಚು.

ಖಾಲಿ ಅಂಕಣ ತುಂಬುವುದು ಹೇಗೆ? 1931 ಮತ್ತು 1951ರ ಅಂಕಿಗಳ ನಡುವೆ ಗೆರೆ ಎಳೆದು ಮಧ್ಯದ್ದನ್ನು ಓದಬಹುದು. ಆದರೆ ಯುದ್ಧಕಾಲದಲ್ಲಿ ದೇವಳಾಲಿಯ ದಂಡಿಗೆ ಬಂದುಹೋದವರು ಆ ಗೆರೆಗೆ ಗೊತ್ತಿಲ್ಲ. ಔರಂಗಾಬಾದಿನ ಪ್ರಮಾಣವನ್ನೇ ಎರವಲು ತರೋಣವೆಂದರೆ, ಅದಕ್ಕೆ ಕಲಬುರ್ಗಿ, ರಾಯಚೂರು ಒಂದೇ ಸರ್ಕಾರದ ಊರುಗಳು. ನಾಸಿಕ್‌ಗೆ ಧಾರವಾಡ, ಬಿಜಾಪುರ. ಬಂದ ದಾರಿಯೇ ಬೇರೆ!

ಜನಗಣತಿ ಕಮಿಷನರ್ ಯೇಟ್ಸ್ ಸಾಹೇಬರು ಐವತ್ತಕ್ಕೊಂದರಂತೆ ಚೀಟಿ ತೆಗೆದಿರಿಸಿದ್ದರು. ಮುಂದೆ ವಯಸ್ಸಿನ ಕೋಷ್ಟಕಗಳು ಅದರಿಂದಲೇ ಆದವು. ಬೆರಳೆಣಿಕೆಯ ಕನ್ನಡ ಮನೆಗಳಿಗೆ ಆ ಜಾಲರಿ ಸಾಲದು.

1976ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಮೊದಲು ಕೇಳಬೇಕೆಂದದ್ದು ಅಂಕಿ ಏಕೆ ಕಾಣೆಯಾಯಿತು ಎಂದು. ಇಲ್ಲಿ ಕನ್ನಡಿಗರು ಭಾಷೆ ಮುಚ್ಚಿಟ್ಟದ್ದಲ್ಲ, ಸರ್ಕಾರ ಎಣಿಸಲಿಲ್ಲ. ಹಾಗಾಗಿ ಊಹೆಗೆ ಅವಕಾಶವುಂಟು. ಆದರೆ ಒಂದೇ ಸಲ ತುಂಬಿ ನಂಬಬಾರದು. ಹಲವು ಸಲ ತುಂಬಿ, ಉತ್ತರಗಳ ನಡುವಿನ ಅಂತರವನ್ನೂ ಹೇಳಬೇಕು ಎನ್ನುವುದು ಅವರದೇ ವಿಧಾನ.

ಪತ್ರ ಬರೆದವರಿಗೆ ನಾನು ಒಂದು ಸಂಖ್ಯೆ ಕಳಿಸುವುದಿಲ್ಲ. ‘ಇಷ್ಟರಿಂದ ಇಷ್ಟರೊಳಗೆ’ ಎಂದು ಬರೆಯುತ್ತೇನೆ.